ಉಪ್ಪುನೀರಿಗೆ ಬಿಟ್ಟ ಬೆಲ್ಲ

"ಕುಡೀಬ್ಯಾಡ ಕಣಮ್ಮಿ..."

ಸಿದ್ದರಾಮು ಕೂಗುವಷ್ಟರಲ್ಲಿ ಅವನ ಹೆಂಡತಿ ಮಂಗಳಮ್ಮ ಬೊಗಸೆ ತುಂಬ ಸಮುದ್ರದ ನೀರು ಕುಡಿದಾಗಿತ್ತು.

ಬಾಯೆಲ್ಲ ಉಪ್ಪು! ಉಗಿದಳು, ಕೆಮ್ಮಿದಳು. ಗೋಕರ್ಣದ ದಡದಲ್ಲಿ ಮೀಯುತ್ತಿದ್ದವರೆಲ್ಲ ನಕ್ಕರು.

ಅವಳದೇನು ತಪ್ಪು? ಮದ್ದೂರು ಕಡೆಯ ಅವಳ ಊರಲ್ಲಿ ನಾಲೆಗೆ ವರ್ಷದ ಮೊದಲ ನೀರು ಬಂದ ದಿನ ಹೆಂಗಸರು ಅರಿಶಿನ ಕುಂಕುಮ ಹಾಕಿ, ಬೆಲ್ಲದ ಚೂರು ಬಿಟ್ಟು, ಒಂದು ಬೊಗಸೆ ಕುಡಿದೇ ಮನೆಗೆ ಹೋಗುವುದು. ಇಷ್ಟು ನೀರನ್ನು ಕಂಡವಳು ಅದನ್ನೇ ಮಾಡಿದ್ದಳು.

ಅವಳ ಕಣ್ಣು ಗಂಡನ ಮುಖ ಹುಡುಕಿತು. ಅವನು ಅತ್ತ ತಿರುಗಿಬಿಟ್ಟಿದ್ದ.

'ನನ್ನಿಂದ ಇವರಿಗೆ ನಾಚಿಕೆ...'

ಮದುವೆಯಾಗಿ ಎಂಟು ತಿಂಗಳಲ್ಲಿ ಅವನು ನೆಟ್ಟಗೆ ನಾಲ್ಕು ಮಾತು ಆಡಿರಲಿಲ್ಲ. ಈ ಹೆಣ್ಣು ಬೇಡವೆಂದು ಮೊದಲು ಹಟ ಹಿಡಿದಿದ್ದನಂತೆ; ಅತ್ತೆ ಚಿಕ್ಕಮಾದಮ್ಮ ಬಾಯಿತಪ್ಪಿ ಅಂದಿದ್ದಳು. ಈ ಯಾತ್ರೆಯೂ ಅತ್ತೆಯ ಹರಕೆಗಾಗಿ. ಮದ್ದೂರಲ್ಲಿ ರೈಲಿಳಿದವಳೇ ತವರಿಗೆ ಹೋಗಿಬಿಡಬೇಕೆಂದು ಮಂಗಳಮ್ಮ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅದನ್ನು ಈಗಲೇ ಹೇಳಿದಳು.

"ನಮ್ಮಪ್ಪನ ಮನೆಗೆ ಓಯ್ತೀನಿ. ಬ್ಯಾಡದ ಎಂಡ್ರು ಯಾಕೆ ನಿಮಗೆ?"

ಸಿದ್ದರಾಮು ತಿರುಗಿದ. ನಕ್ಕವರ ಮೇಲಿನ ಸಿಟ್ಟಿಗೆ ಅವನ ಮುಖ ಕೆಂಪಾಗಿತ್ತು. ಅವಳ ಮಾತಿಗೆ ಆ ಸಿಟ್ಟೆಲ್ಲ ಇಳಿದುಹೋಯಿತು.

ತಡವರಿಸುತ್ತ ಹೇಳಿದ. ಸ್ವಾತಂತ್ರ್ಯ ಚಳವಳಿಯವರು ಶಿವಪುರದಲ್ಲಿ ಬಾವುಟ ಏರಿಸಿದ ವರ್ಷ ಅವನು ಜೈಲಿಗೆ ಹೋಗಿಬಂದವನು. ಮತ್ತೆ ಕರೆ ಬಂದರೆ ಮತ್ತೆ ಹೋಗುವವನೇ. ಕಟ್ಟಿಕೊಂಡವಳನ್ನು ಕಣ್ಣೀರಲ್ಲಿ ಬಿಡುವುದೇಕೆಂದು ಮದುವೆಯೇ ಬೇಡ ಎಂದಿದ್ದ. ಆದ ಮೇಲೆ, ಮಾತಾಡಿದರೆ ಮೋಹ ಅಂಟಿಕೊಳ್ಳುತ್ತದೆಂದು ಬಾಯಿ ಕಟ್ಟಿಕೊಂಡಿದ್ದ. ಪೆದ್ದ!

"ಆದ್ರೂ ಅಂಟ್ಕಂಡ್ಬುಡ್ತು ಕಣಮ್ಮಿ..."

ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂಟು ತಿಂಗಳು ಸುಮ್ಮನೆ ಅತ್ತುಬಿಟ್ಟೆನಲ್ಲ!

"ಕರೆ ಬಂದ್ರೆ ಓಗಿ, ನಾ ತಡೆಯಕಿಲ್ಲ. ಮಾತಾಡ್ಬುಟ್ಟು ಓಗಿ, ಅಷ್ಟೆಯ."

ಅವನು ಬಗ್ಗಿ ಬೊಗಸೆ ತುಂಬ ಉಪ್ಪುನೀರು ತೆಗೆದುಕೊಂಡು, ನಕ್ಕವರ ಎದುರಿಗೇ ಗಟಗಟ ಕುಡಿದ. ಮುಖ ಕಿವುಚದಿರಲು ಅವನು ಪಟ್ಟ ಪಾಡು ನೋಡಿ ಮಂಗಳಮ್ಮನಿಗೆ ಅಳುವಿನಲ್ಲೂ ನಗು ಬಂತು.

ದಾರಿಗೆಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಬೆಲ್ಲದ ಚೂರು ಇನ್ನೂ ಉಳಿದಿತ್ತು. ಅರ್ಧ ಅವನ ಬಾಯಿಗಿಟ್ಟಳು. ಉಳಿದರ್ಧವನ್ನು ಅಲೆಗೆ ಬಿಟ್ಟು ಕೈಮುಗಿದಳು.

"ಉಪ್ಪುನೀರಿಗೂ ಬೆಲ್ಲವಾ?" ಎಂದ.

"ನಾಲೆವ್ವ ಅನ್ನ ಕೊಟ್ಲು. ಈವಮ್ಮ ನಿಮ್ಮ ಬಾಯಿ ಬುಡಿಸಿದ್ಲು. ಋಣ ಅಲ್ವಾ?"

"ಅಂಗಾರೆ ಇನ್ನೊಂದು ಬೊಗಸೆ ಕುಡೀಲಾ?"

"ಸಾಕು ಬುಡಿ. ಈ ಸಲ ನಾಲೇಲಿ ನೀರು ಬಂದಾಗ... ಇಬ್ರೂ ಜೊತೇಲಿ ಕುಡಿಯವ."