ಇಪ್ಪತ್ತಮೂರು ತುಂಡಿನ ಬನ್ನು

"ಒಂದು ಬನ್ನು ಕೊಡಿ. ಇಪ್ಪತ್ಮೂರು ತುಂಡು ಮಾಡಿ."

ಬೇಕರಿಯವನು ಕೈಯಲ್ಲಿ ಇಕ್ಕಳ ಹಿಡಿದೇ ತಲೆಯೆತ್ತಿದ. ಎದುರಿಗಿದ್ದವಳ ಹೆಗಲಲ್ಲಿ ಬಟ್ಟೆಚೀಲ, ಬೆರಳ ತುದಿಯಲ್ಲಿ ಸೀಮೆಸುಣ್ಣ. ಮುಖದಲ್ಲಿ ನಗುವಿನ ಸುಳಿವಿಲ್ಲ.

"ಏನ್ ಮೇಡಂ, ಇರುವೆ ಮನೇಲಿ ಮದುವೆನಾ?"

"ಒಂದನೇ ಕ್ಲಾಸು."

"ಅಂದ್ರೆ ಇರುವೆಗಳೇ ಬಿಡಿ."

"ಕತ್ತರಿಸ್ತೀರೋ, ಮುಂದಿನ ಅಂಗಡಿಗೆ ಹೋಗ್ಲೋ?"

ತನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದು ಅವಳು ತಿಳಿದಳು. ತನ್ನ ಕೈಚಳಕ ಪರೀಕ್ಷಿಸುತ್ತಿದ್ದಾಳೆ ಎಂದು ಅವನು ತಿಳಿದ. ಬಿಸಿ ಬನ್ನು ಕತ್ತರಿಸಿದರೆ ಪುಡಿಯಾಗುತ್ತದೆ, ಆರುವವರೆಗೆ ಕೂತಿರಿ ಎಂದ. ನಿಂತಿರುತ್ತೇನೆ ಎಂದಳು. ಕಾಲು ಗಂಟೆ ಗಾಜಿನ ಬೀರುವಿನ ಮುಂದೆ ಕಂಬದ ಹಾಗೆ ನಿಂತೂ ಬಿಟ್ಟಳು.

ಪೊಟ್ಟಣ ಕೈಗೆ ಬಂದಾಗ ಎಣಿಸಿದಳು. "ಒಂದು ಜಾಸ್ತಿ ಇದೆ."

"ಅದು ಟೀಚರಿಗೆ."

"ಟೀಚರ್ ತಿನ್ನಲ್ಲ," ಎಂದು ಆ ತುಂಡನ್ನು ಗಾಜಿನ ಮೇಲಿಟ್ಟು ನಡೆದಳು.

ಅವಳು ಒಂದನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ತರಗತಿಯ ಗೋಡೆಯಲ್ಲಿ ತಿನಿಸು ಪಾನೀಯಗಳ ಚಾರ್ಟೊಂದು ತೂಗುತ್ತಿತ್ತು. ಕೋಲು ಎಲ್ಲಿ ಮುಟ್ಟಿದರೆ ಅಲ್ಲಿನ ಪದವನ್ನು ಮಕ್ಕಳು ಗಿಳಿಗಳಂತೆ ಕೂಗುತ್ತಿದ್ದವು. ಒಂದು ದಿನ ತೂತುತೂತಾದ ಹಳದಿ ಚೀಸಿನ ಮೇಲೆ ಕೋಲಿಟ್ಟು, ಇದನ್ನು ಏನು ಮಾಡುತ್ತಾರೆ ಎಂದು ಅವಳು ಕೇಳಿದಳು.

"ಪಾತ್ರೆ ಉಜ್ತಾರೆ ಮಿಸ್!" ಎಂದಳು ಮುಂದಿನ ಬೆಂಚಿನ ಹುಡುಗಿ. ಎಲ್ಲರೂ ಪಟಾಕಿ ಎಂದು ಕರೆಯುತ್ತಿದ್ದ, ಒಂದು ಹಲ್ಲು ಬಿದ್ದ ಹುಡುಗಿ.

ಟೀಚರ್ ಅಂದೇ ಚಾರ್ಟನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆದಳು. ಅಂದಿನಿಂದ ತರಗತಿಗೆ ಒಂದೇ ನಿಯಮ: ನಾಲಿಗೆಗೆ ತಾಗದ ಪದ ನಾಲಿಗೆಯಿಂದ ಹೊರಡಬಾರದು. ಮೊದಲು ಟೀಚರ್ ರುಚಿ ನೋಡಿ ಪದ ಹೇಳಬೇಕು, ಆಮೇಲೆ ಮಕ್ಕಳು ರುಚಿ ನೋಡಿ ಹೇಳಬೇಕು. ಬನ್ನು ಬಂದದ್ದು ಹಾಗೆ, ಟೀಚರಿಗೆ ಅಂಚಿನ ಒಂದು ಚೂರು ಸಾಕಿತ್ತು. ಅದರ ಹಿಂದೆ ಬೆಣ್ಣೆ ಬಂತು, ಜಾಮ್ ಬಂತು, ಜೇನು ಬಂತು. ಮೂರನೇ ವಾರದ ಹೊತ್ತಿಗೆ, ನೀವು ಹೊತ್ತು ಒಯ್ಯುವುದೇಕೆ, ನಾನೇ ತಂದುಕೊಡುತ್ತೇನೆ ಎಂದು ಬೇಕರಿಯವನೂ ಬಂದ.

ಆ ನಿಯಮ ಮುರಿಯುತ್ತಿದ್ದವಳು ಟೀಚರ್ ಒಬ್ಬಳೇ. ಗಂಡ ಸತ್ತು ಎರಡು ವರ್ಷವಾಗಿತ್ತು. ಬೆಳಗ್ಗೆ ಕೆಲಸಕ್ಕೆ ಹೋದವನು ಸಂಜೆ ಬರಲಿಲ್ಲ, ಅಷ್ಟೇ. ಅಂದಿನಿಂದ ಅವಳ ಬಾಯಿಗೆ ಎಲ್ಲವೂ ಹತ್ತಿ ಜಗಿದಂತೆ. ಅತ್ತೆ ಬಡಿಸಿದ್ದನ್ನು ತಟ್ಟೆ ಖಾಲಿಯಾಗುವವರೆಗೆ ತಿನ್ನುತ್ತಿದ್ದಳು, ಉಪ್ಪು ಹಾಕಲು ಅತ್ತೆ ಮರೆತ ದಿನವೂ. ಮಕ್ಕಳ ಮುಂದೆ ಮಾತ್ರ ನೆನಪಿನ ಗಂಟಿನಿಂದ ಒಂದೊಂದೇ ರುಚಿ ತೆಗೆದು ಹೇಳುತ್ತಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ನಿಂಬೆ ಶರಬತ್ತಿನ ದಿನ.

ಬೇಕರಿಯವನು ಹೂಜಿ ತಂದು ಮೇಜಿನ ಮೇಲಿಟ್ಟು ಎಂದಿನಂತೆ ಬಾಗಿಲಿಗೆ ಒರಗಿ ನಿಂತ. ಟೀಚರ್ ಲೋಟ ಎತ್ತಿ ಎರಡು ಗುಟುಕು ಕುಡಿದಳು. ಕಣ್ಣು ಅರೆ ಮುಚ್ಚಿ, "ಆಹಾ! ಸ್ವೀಟ್!" ಎಂದಳು.

ಇಪ್ಪತ್ತಮೂರು ಲೋಟಗಳು ಏಕಕಾಲಕ್ಕೆ ಮೇಲೆದ್ದವು. ಮರುಕ್ಷಣ ಇಪ್ಪತ್ತಮೂರು ಮುಖಗಳು ಹಿಂಡಿದ ಬಟ್ಟೆಯಂತಾದವು.

"ಮಿಸ್, ಇದು ಸಮುದ್ರ!" ಎಂದು ಪಟಾಕಿ ಕಿಟಕಿಯಾಚೆ ಉಗುಳಿದಳು.

ಸಕ್ಕರೆಪುಡಿಯ ಡಬ್ಬ, ಉಪ್ಪಿನ ಡಬ್ಬ ಎರಡೂ ಒಂದೇ ಅಚ್ಚಿನವು. ಅವಸರದಲ್ಲಿ ಅವನ ಕೈ ತಪ್ಪಿತ್ತು. ಕೆನ್ನೆ ಕೆಂಪಾಗಿ, ಕ್ಷಮೆ ಕೇಳಲು ಬಾಯಿ ತೆರೆದವನು ಅವಳ ಲೋಟ ನೋಡಿದ. ಅರ್ಧ ಖಾಲಿಯಾಗಿತ್ತು. ಕಣ್ಣೆತ್ತಿ ಅವಳನ್ನು ನೋಡಿದ. ಸಿಕ್ಕಿಬಿದ್ದ ಕಳ್ಳಿಯಂತೆ ಅವಳು ಒಂದು ಕ್ಷಣ ಅವನನ್ನೇ ನೋಡಿ, ಆಮೇಲೆ ಕಪ್ಪುಹಲಗೆಯತ್ತ ತಿರುಗಿ ಸುಮ್ಮನೆ ಒರೆಸತೊಡಗಿದಳು. ಹಲಗೆಯ ಮೇಲೆ ಏನೂ ಇರಲಿಲ್ಲ.

ಅವನು ಮಕ್ಕಳ ಕಡೆ ತಿರುಗಿದ. "ಟೀಚರ್ ನಿಮ್ಮನ್ನ ಪರೀಕ್ಷೆ ಮಾಡಿದ್ದು ಕಣ್ರೋ! ಹೇಳಿಕೊಟ್ಟಿದ್ದನ್ನೇ ಹೇಳ್ತೀರೋ, ನಿಮ್ಮ ನಾಲಿಗೆ ಮಾತು ಕೇಳ್ತೀರೋ ಅಂತ. ಎಲ್ಲರೂ ಪಾಸು!"

ಚಪ್ಪಾಳೆಯೋ ಚಪ್ಪಾಳೆ. ಅವಳು ಬೆನ್ನು ತಿರುಗಿಸಿಕೊಂಡೇ ಇದ್ದಳು.

ಸಂಜೆ ಬೇಕರಿಗೆ ಬಂದು ನೇರವಾಗಿ ಕೇಳಿದಳು: "ಯಾಕೆ ಸುಳ್ಳು ಹೇಳಿದ್ರಿ?"

"ನೀವು ಯಾಕೆ ಹೇಳಿದ್ರಿ?"

ಅವನು ಮೇಜು ಒರೆಸಿ ಕುರ್ಚಿ ಎಳೆದಿಟ್ಟ. "ಎಷ್ಟು ದಿನ ಆಯ್ತು?"

"ಎರಡು ವರ್ಷ. ಡಾಕ್ಟರು ನಾಲಿಗೆ ಚೆನ್ನಾಗಿದೆ ಅಂತಾರೆ."

"ನಾಲಿಗೆ ಚೆನ್ನಾಗಿರೋದು ನನಗೂ ಗೊತ್ತು. ಮೊದಲನೇ ದಿನವೇ ನೋಡಿದೀನಲ್ಲ."

ಅವಳ ತುಟಿಯ ಒಂದು ತುದಿ ಅಲ್ಲಾಡಿತು. ಅದನ್ನು ನಗು ಎಂದು ಕರೆದರೆ ನಗುವಿಗೆ ಅವಮಾನ. ಆದರೂ ಅವನಿಗೆ ಅಂದು ರಾತ್ರಿಯವರೆಗೆ ಅದು ಸಾಕಾಯಿತು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳು ಬೇಕರಿಯ ಬೀದಿಬದಿಯ ಮೇಜಿಗೆ ಬಂದು ಕೂರುವುದು, ಅವನು ಅವಳ ಮುಂದೆ ಏನಾದರೊಂದು ಇಡುವುದು ವಾಡಿಕೆಯಾಯಿತು. ಹೇಗಿದೆ ಎಂದು ಅವನು ಒಮ್ಮೆಯೂ ಕೇಳುತ್ತಿರಲಿಲ್ಲ. ತಿಂದು ಮುಗಿಸಿ ಅವಳೇ ಹೇಳುತ್ತಿದ್ದಳು: "ಗೊತ್ತಾಗಲಿಲ್ಲ."

"ನನ್ನ ಕೇಕನ್ನ ಇಷ್ಟು ಅಚ್ಚುಕಟ್ಟಾಗಿ ಅವಮಾನ ಮಾಡೋರು ಇನ್ನೊಬ್ಬರಿಲ್ಲ."

"ಬೇಜಾರಾಯ್ತಾ?"

"ಆಯ್ತು. ನಾಳೆಯೂ ಬಂದು ಮಾಡಿ."

ಹಿಟ್ಟು ಮೆತ್ತಿದ ಅವನ ಹುಬ್ಬು ಅವಳಿಗೆ ಕಾಣುತ್ತಿತ್ತು. ಅವಳ ಕಣ್ಣು ಅಲ್ಲಿ ನಿಂತದ್ದು ಅವನಿಗೆ ತಿಳಿಯುತ್ತಿತ್ತು. ಅವನು ಬೇಕೆಂದೇ ಒರೆಸುತ್ತಿರಲಿಲ್ಲ.

ಬೀದಿಗೂ ಕಣ್ಣಿರುತ್ತದೆ. ಬ್ರೆಡ್ ಕೊಳ್ಳಲು ಬಂದವರು ಅವಳನ್ನು ನೋಡಿ, ಅವನನ್ನು ನೋಡಿ, ಬ್ರೆಡ್ ಮರೆತು ಹೋಗುತ್ತಿದ್ದರು.

ಪೋಷಕರ ದಿನ ಬಂತು. ದೊಡ್ಡ ಮೇಡಂ, ಎಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಬೀರುವಿನ ಮೇಲಿದ್ದ ಚಾರ್ಟನ್ನು ಇಳಿಸಿ ಧೂಳು ಸರಿಯಾಗಿ ಕೊಡವದೆಯೇ ನೇತುಹಾಕಿಸಿದರು. ಶಾಲಾ ಸಮಿತಿಯ ಅಧ್ಯಕ್ಷರ ಕೈಗೆ ಕೋಲು ಕೊಟ್ಟರು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಆ್ಯಪಲಿನ ಚಿತ್ರ ಮುಟ್ಟಿ, "ವಾಟ್ ಈಸ್ ದಿಸ್?" ಎಂದರು.

"ಪೇಪರ್!" ಎಂದು ಇಪ್ಪತ್ತಮೂರು ಕಂಠಗಳು.

ಹಾಲಿನ ಲೋಟ ಮುಟ್ಟಿದರು. "ಪೇಪರ್!"

ಬೆವರುತ್ತ ಬ್ರೆಡ್ಡಿಗೆ ಹೋದರು. ಅಲ್ಲಿಯೂ ಪೇಪರ್. ಅಷ್ಟರಲ್ಲಿ ಪಟಾಕಿ ಎದ್ದು ಬಂದು, ನಿಯಮ ತಪ್ಪಬಾರದೆಂದು ಬ್ರೆಡ್ಡಿನ ಚಿತ್ರವನ್ನು ಒಮ್ಮೆ ನೆಕ್ಕಿದಳು. "ಪೇಪರೇ ಸರ್. ಸ್ವಲ್ಪ ಸಾಲ್ಟಿ."

ತಾಯಂದಿರು ಬಾಯಿಗೆ ಕೈ ಒತ್ತಿಕೊಂಡು ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬಳು, ಹೌದು, ಎರಡು ವರ್ಷದ ನಂತರ ಮೊದಲ ಸಲ, ಸದ್ದು ಮಾಡಿ ನಕ್ಕಳು. ಅದು ಟೀಚರ್. ದೊಡ್ಡ ಮೇಡಂ ಕ್ಷಮಿಸದೆ ಹೋದದ್ದು ಮಕ್ಕಳ ಉತ್ತರವನ್ನಲ್ಲ, ಆ ನಗುವನ್ನು.

"ಸೋಮವಾರ ಬೆಳಗ್ಗೆ ಕ್ಷಮಾಪಣೆ ಪತ್ರ ನನ್ನ ಮೇಜಿನ ಮೇಲಿರಬೇಕು," ಎಂದರು ತಮ್ಮ ಕೋಣೆಯಲ್ಲಿ. "ಇನ್ನು ಮೇಲೆ ಚಾರ್ಟಿನಿಂದಲೇ ಪಾಠ. ಹೊರಗಿನವರು ಯಾರೂ ಗೇಟಿನೊಳಗೆ ಕಾಲಿಡಬಾರದು. ಯಾರು ಅಂತ ಹೇಳಬೇಕಾ?"

"ಹೇಳಿ."

"ಗಂಡನ್ನ ಕಳ್ಕೊಂಡವಳು ನೀವು. ದಿನಾ ಬೀದಿ ಬದಿ ಕೂತು, ಆ ಮನುಷ್ಯನ ಜೊತೆ... ನಾಳೆ ಪೋಷಕರು ಕೇಳಿದರೆ ನಾನೇನು ಹೇಳಲಿ?"

"ಟೀ ಕುಡೀತಾಳೆ ಅಂತ ಹೇಳಿ."

"ಪತ್ರ ಬರದಿದ್ರೆ ಕೆಲಸ ಇರಲ್ಲ."

ಅವಳು ಹೊರಗೆ ಬಂದಳು. ಆ ತರಗತಿ ಒಂದೇ ಅವಳನ್ನು ದಿನಾ ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು. ಹೇಳಲು ಬೇಕರಿಗೆ ಓಡಿದರೆ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಬೀದಿಬದಿಯ ಮೇಜಿನ ಮೇಲೆ ಕುರ್ಚಿ ಬೋರಲು ಹಾಕಿತ್ತು.

"ನಾನು ಇನ್ನು ಶಾಲೆ ಕಡೆ ಬರಲ್ಲ," ಎಂದ ಅವನು ಒಲೆಯ ಕಡೆ ಮುಖ ಮಾಡಿ. "ನೀವೂ ಇಲ್ಲಿಗೆ ಬರಬೇಡಿ. ನಿಮ್ಮ ಕೆಲಸ ಉಳೀಲಿ."

"ಅದನ್ನ ನೀವು ತೀರ್ಮಾನ ಮಾಡಿದ್ರಾ?"

"ನಿಮ್ಮ ಒಳ್ಳೇದಕ್ಕೆ."

"ಎರಡು ವರ್ಷದಿಂದ ಊರಿಗೆ ಊರೇ ನನ್ನ ಒಳ್ಳೇದನ್ನ ತೀರ್ಮಾನ ಮಾಡ್ತಿದೆ. ಏನು ಉಡಬೇಕು, ಎಷ್ಟು ನಗಬೇಕು, ಯಾವ ಬೀದೀಲಿ ನಡೀಬೇಕು. ನೀವೊಬ್ಬರು ಬಾಕಿ ಇದ್ರಿ."

ಕುರ್ಚಿಯನ್ನು ಎತ್ತಿ ನೆಲಕ್ಕೆ ಇಟ್ಟಳು, ಕೂರಲಿಲ್ಲ. ಹೊರಟು ಹೋದಳು.

ಶನಿವಾರವಿಡೀ ಪತ್ರ ಬರೆದಳು. ಭಾನುವಾರ ಮಧ್ಯಾಹ್ನ ಬೇಕರಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತಿಗೆ ಬಂದು ಅದನ್ನು ಅವನ ಮುಂದೆ ಹಿಡಿದಳು. "ಓದಿ."

ಕೈ ಒರೆಸಿಕೊಂಡು ಅವನು ಓದಿದ. ಒಂದು, ಮಕ್ಕಳು ಕಾಗದವನ್ನು ಕಾಗದ ಎಂದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಎರಡು, ತಿಂದು ತಿಳಿಯುವ ಪಾಠ ಮುಂದುವರಿಯುತ್ತದೆ. ಮೂರನೆಯದಕ್ಕೆ ಬಂದವನು ನಿಂತ. ಮತ್ತೆ ಮೊದಲಿನಿಂದ ಓದಿ ಮತ್ತೆ ಅಲ್ಲೇ ನಿಂತ.

"ಮೂರು," ಎಂದು ಅವಳೇ ಹೇಳಿದಳು, "ಬೇಕರಿಯವರು ಹೊರಗಿನವರಲ್ಲ. ನಾನು ಅವರನ್ನು ಮದುವೆಯಾಗಲಿದ್ದೇನೆ."

ಬ್ರೆಡ್ ಕೇಳುತ್ತಿದ್ದ ಅಜ್ಜನೊಬ್ಬ ಬಾಯಿ ತೆರೆದು ನಿಂತ.

"ಇದು ಯಾವಾಗ ನಿಶ್ಚಯ ಆಯ್ತು?" ಎಂದ ಬೇಕರಿಯವನು, ದನಿ ತಗ್ಗಿಸಿ.

"ನಿನ್ನೆ."

"ಯಾರ್ಯಾರು ಇದ್ರು?"

"ನಾನೊಬ್ಬಳೇ."

"ಗಂಡಿನ ಕಡೆಯವರನ್ನ ಒಂದು ಮಾತು ಕೇಳೋಣ ಅನ್ನಿಸಲಿಲ್ವಾ?"

"ಅದಕ್ಕೇ ಬಂದಿದೀನಿ. ಒಪ್ಪಿಗೆ ಇಲ್ಲದಿದ್ರೆ ಆ ಸಾಲು ಹೊಡೆದು ಹಾಕಿ. ಮೊದಲೆರಡನ್ನ ಮುಟ್ಟಬೇಡಿ."

ಅವನು ಕಿವಿಯ ಮೇಲಿಂದ ಪೆನ್ನು ತೆಗೆದ. ಅವಳು ಕಣ್ಣು ಕೀಳಲಿಲ್ಲ.

"ಇನ್ನೊಂದು ಮಾತು," ಎಂದಳು. "ನಾಲಿಗೆಗೆ ಇನ್ನೂ ಏನೂ ತಿಳಿಯಲ್ಲ. ನಿಮ್ಮ ಕೈರುಚಿ ನನ್ನನ್ನ ಸರಿ ಮಾಡಿತು ಅಂತ ಕಥೆ ಕಟ್ಟಬೇಡಿ. ನಾನು ಸರಿ ಹೋಗಿಲ್ಲ. ತೀರಿಹೋದವರನ್ನ ಮರೆತೂ ಇಲ್ಲ, ಮರೆಯೋದೂ ಇಲ್ಲ. ಹೀಗೇ ಇರೋಳನ್ನ ಬೇಕು ಅಂದ್ರೆ ಸರಿ."

"ಟೀಚರ್," ಎಂದ ಅವನು, "ಬೇಕು ಅನ್ನೋಕೆ ನೀವು ಬಿಟ್ಟರೆ ತಾನೇ? ಆಗಿಂದ ನೀವೇ ಮಾತಾಡ್ತಿದೀರಿ."

ಮೂರನೆಯ ಸಾಲಿನ ಕೆಳಗೆ ಬಾಗಿ, ‘ನನಗೂ ಸಂಪೂರ್ಣ ಒಪ್ಪಿಗೆ’ ಎಂದು ದುಂಡಗೆ ಬರೆದು ಸಹಿ ಹಾಕಿದ. ಹೆಬ್ಬೆರಳಿನ ಹಿಟ್ಟು ಕಾಗದದ ಅಂಚಿಗೆ ಅಂಟಿತು. ಅಜ್ಜ, ಈಗಲಾದರೂ ಬ್ರೆಡ್ ಕೊಡುತ್ತೀಯೇನಪ್ಪ ಎಂದ.

ಅತ್ತೆಗೆ ಹೇಳಿದ್ದು ಅಂದು ಸಂಜೆ. ಅವರು ತರಕಾರಿ ಹೆಚ್ಚುತ್ತಿದ್ದರು. ಚಾಕು ನಿಂತಿತು, ಮತ್ತೆ ನಡೆಯಿತು.

"ನನ್ನ ಮಗನ ಫೋಟೋ ತಗೊಂಡು ಹೋಗಬೇಡ," ಎಂದರು.

"ಇಲ್ಲೇ ಇರುತ್ತೆ ಅತ್ತೆ. ಪ್ರತಿ ಭಾನುವಾರ ನಾನು ಬರ್ತೀನಿ."

"ಬಾ ಅಂತ ನಾನು ಕರೆದ್ನಾ?"

"ಕರೀದಿದ್ರೂ ಬರ್ತೀನಿ."

"ಮೊಂಡಿ," ಎಂದರು ಅತ್ತೆ. ಕಣ್ಣೊರೆಸಿಕೊಂಡರು. "ಬರೋಳು ಹೊತ್ತಿಗೆ ಸರಿಯಾಗಿ ಬಾ. ಊಟ ಆರಿ ಹೋಗುತ್ತೆ."

ಸೋಮವಾರ ದೊಡ್ಡ ಮೇಡಂ ಪತ್ರ ಓದಿದರು. ಕನ್ನಡಕ ತೆಗೆದರು, ಹಾಕಿಕೊಂಡರು. "ಇದು ಕ್ಷಮಾಪಣೆಯಾ?"

"ಅಲ್ಲ ಮೇಡಂ."

"ಇದನ್ನ ಸಮಿತಿ ಮುಂದೆ ಇಡ್ತೀನಿ. ಈ ಕೆಲಸದಲ್ಲಿ ನೀವು ಇರೋದು ಬಿಡೋದು ಅವರು ಹೇಳ್ತಾರೆ."

"ಇಡಿ. ಮೂರನೇದನ್ನ ಜೋರಾಗಿ ಓದಿ. ಅಧ್ಯಕ್ಷರಿಗೆ ಕಿವಿ ಸ್ವಲ್ಪ ಮಂದ."

ಗೇಟಿನಲ್ಲಿ ಸದ್ದಾಗುತ್ತಿತ್ತು. ಬೇಕರಿಯವನು ಎರಡು ಹಿಡಿಕೆಯ ದೊಡ್ಡ ಬುಟ್ಟಿ ಹೊತ್ತು ನಿಂತಿದ್ದ. ಅವನನ್ನು ಬಿಡಬಾರದೆಂದು ಕಾವಲುಗಾರನಿಗೆ ಅಪ್ಪಣೆಯಾಗಿತ್ತು. ಅವಳು ಅಂಗಳ ದಾಟಿ ನಡೆದಳು. ಮೆಟ್ಟಿಲ ಮೇಲೆ ದೊಡ್ಡ ಮೇಡಂ, ಕಿಟಕಿಗಳಲ್ಲಿ ಮಕ್ಕಳು, ಮಕ್ಕಳನ್ನು ಬಿಡಲು ಬಂದು ಬೇಲಿಯಾಚೆ ನಿಂತ ತಾಯಂದಿರು.

"ಗೇಟು ತೆಗೀರಿ ಅಣ್ಣ," ಎಂದಳು.

"ದೊಡ್ಡ ಮೇಡಂ ಹೊರಗಿನವರನ್ನ..."

"ಇವರು ನಮ್ಮವರು."

ಕಾವಲುಗಾರ ಮೆಟ್ಟಿಲ ಕಡೆ ನೋಡಿದ, ಅವಳನ್ನು ನೋಡಿದ. ಚಿಲಕ ಸರಿಸಿದ.

ಅವಳು ಬುಟ್ಟಿಯ ಒಂದು ಹಿಡಿಕೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಭಾರವಿತ್ತು.

"ನಿಧಾನಕ್ಕೆ ಹೋಗೋಣ್ವಾ?" ಎಂದ ಅವನು.

"ನಿಧಾನಕ್ಕೇ ಹೋಗೋಣ. ಎಲ್ಲರೂ ನೋಡಲಿ."

ಬುಟ್ಟಿಯನ್ನು ನಡುವೆ ಹಿಡಿದು ಇಬ್ಬರೂ ಅಂಗಳದ ನಟ್ಟನಡುವೆ, ಬಿಸಿಲಿನಲ್ಲಿ, ಎಲ್ಲಿಯೂ ತಿರುಗದೆ ನೇರವಾಗಿ ನಡೆದರು.