ಸೈದಪ್ಪನವರ ಜಾಗ

"ತೆಗೀಲೇ ಆ ಹಾರ!"

ಅಂಬುಬಾಯಿಯ ಕೂಗಿಗೆ ಗುರುಶಾಂತ ಬೆಚ್ಚಿಬಿದ್ದ.

ಅವನು ಆಳಂದದ ಕಲ್ಲುಕೆತ್ತನೆಯವನು. ಮಣ್ಣೂರಿನ ಹುತಾತ್ಮರ ಸ್ಮಾರಕಕ್ಕೆ ಹೆಸರು ಕೇಳಲು ಬಂದಿದ್ದ. ಬರಿಗೈಲಿ ಬರಬಾರದೆಂದು ಚೆಂಡುಹೂವಿನ ಹಾರ ತಂದು, ಗೋಡೆಯ ಮೇಲಿದ್ದ ಯೋಧ ಸೈದಪ್ಪನ ಫೋಟೊಕ್ಕೆ ಹಾಕಿ ಕೈಮುಗಿದಿದ್ದ... ಅಷ್ಟೇ!

"ಎಪ್ಪತ್ತೊಂದರ ಯುದ್ಧದಾಗ ನಮ್ಮವರು ಕಾಣೆ ಆಗ್ಯಾರ, ಸತ್ತಿಲ್ಲ! ಹಾರ ಸತ್ತವರ ಫೋಟೊಕ್ಕ ಹಾಕ್ತಾರ. ನನ್ನ ಕುಂಕುಮ ಕಾಣಲ್ಲೇನು ನಿನಗ?"

ಮುದುಕಿ ಹಾರ ಕಿತ್ತು ಬೀಸಿ ಒಗೆದಳು. ಅದು ನೇರ ಅವನ ಕೊರಳಿಗೇ ಬಿತ್ತು!

ಮೊಮ್ಮಗಳು ಸೀಮಾಳಿಗೆ ನಗು ತಡೆಯಲಾಗಲಿಲ್ಲ. "ಆಯಿ ನಿಮ್ಮನ್ನ ದಿವಂಗತ ಮಾಡಿಬಿಟ್ಟಳಲ್ರಿ!"

"ನಿಮ್ಮ ನಗು ಕೇಳ್ಕೋತ ಸಾಯೋದಾದ್ರ ನಡೀತದ್ರಿ."

ಅಬ್ಬಾ, ಈ ಮುಖಕ್ಕ ಮಾತೂ ಬರ್ತದ! ಸೀಮಾಳ ಕೆನ್ನೆ ಬಿಸಿಯಾಯಿತು.

ಆಯಿಯ ದನಿ ಇಳಿಯಿತು. "ಸತ್ತವರ ಸಾಲಾಗ ಅವರ ಹೆಸರು ಬ್ಯಾಡ. ಹಂಗಂತ... ಊರು ಅವರನ್ನ ಮರೀಬಾರ್ದು."

ಹಾರ ಕೊರಳಲ್ಲಿದ್ದಂತೆಯೇ ಗುರುಶಾಂತ ಹೊರಟುಹೋದ.

ಶ್ರಾವಣದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಸ್ಮಾರಕ ನಿಂತಿತು. ಆಯಿಯ ಕೈಹಿಡಿದು ಬಂದ ಸೀಮಾ ಸುತ್ತಲೂ ಓದಿದಳು. ಅಜ್ಜ ಸೈದಪ್ಪನ ಹೆಸರು ಎಲ್ಲೂ ಇಲ್ಲ!

ಬೇವಿನ ಮರದಡಿ ಗುರುಶಾಂತ ನಿಂತಿದ್ದ, ಮೈಯೆಲ್ಲ ಕಲ್ಲಿನ ಪುಡಿ.

"ಆಯಿ ಬ್ಯಾಡ ಅಂದಿದ್ದ ಒಂದೇ ನೆಪ ಸಾಕಾತೇನ್ರಿ? ನಮ್ಮ ಮುತ್ತ್ಯಾನ ಮರೆತೇಬಿಟ್ರಿ!" ಅವಳ ಕಣ್ಣು ತುಂಬಿತ್ತು.

ಗುರುಶಾಂತ ಪಕ್ಕಕ್ಕೆ ಸರಿದ.

ಅವನ ಹಿಂದೆ ಹೊಸ ಕಲ್ಲುಬೆಂಚು. ಅದರ ಒರಗಿನ ಮೇಲಿದ್ದುದನ್ನು ಸೀಮಾ ಆಯಿಗಾಗಿ ಜೋರಾಗಿ ಓದಿದಳು:

'ಯೋಧ ಸೈದಪ್ಪನವರ ಜಾಗ. ಅವರು ಬಂದ ಕೂಡಲೇ ಎದ್ದು ಬಿಟ್ಟುಕೊಡತಕ್ಕದ್ದು.'

ಬೆಂಚಿನ ಮೇಲೆ ತೂಕಡಿಸುತ್ತಿದ್ದ ಊರಿನ ಮುದುಕ ಕರೀಮಸಾಬ ದಡಬಡಿಸಿ ಎದ್ದ. "ಬಂದ್ರೇನು ಸೈದಪ್ಪಣ್ಣಾ?"

ಯಾರೂ ನಗಲಿಲ್ಲ. ಅಂಬುಬಾಯಿ ಅಕ್ಷರಗಳನ್ನು ಒಂದೊಂದಾಗಿ ಸವರಿದಳು.

"ಇನ್ನೂ ಇಲ್ಲ, ಕರೀಮಣ್ಣ," ಎಂದಳು. "ಕೂಡು."

ತಾನೂ ಪಕ್ಕದಲ್ಲಿ ಕೂತು ಬಸ್ಸು ಬರುವ ಅಫಜಲಪುರದ ರಸ್ತೆ ನೋಡತೊಡಗಿದಳು.

ಸೀಮಾ ಕಣ್ಣೊರೆಸಿಕೊಂಡಳು. "ಆವತ್ತಿನ ಹಾರ ಏನ್ ಮಾಡಿದ್ರಿ?"

"ಒಣಗೇದ, ಆದ್ರೂ ಇಟ್ಕೊಂಡೇನ್ರಿ. ನಿಮ್ಮ ಮನ್ಯಾಗ ಹಾರ ಹಾಕಿಸ್ಕೊಂಡವ ನಾ... ನೀವು ಒಪ್ಪಿದ್ರ, ಇನ್ನೊಂದು ನಿಮ್ಮ ಕೈಲಿಂದ ಹಾಕಿಸ್ಕೋತೇನಿ."

"ಮಲ್ಲಿಗಿದು ತಾ ಲೇ!" ಬೆಂಚಿನಿಂದ ಆಯಿ ಗದರಿದಳು. "ಚೆಂಡುಹೂವು ತಂದ್ರ ಕಾಲು ಮುರೀತೇನಿ!"

ಸೀಮಾ ನಾಚಿ ತಲೆ ತಗ್ಗಿಸಿದಳು. "ಮದುವಿ ಮಂಟಪದಾಗೂ ಮುತ್ತ್ಯಾಗ ಒಂದು ಕುರ್ಚಿ ಖಾಲಿ ಇಡಬೇಕ್ರಿ."

"ಮುಂದಿನ ಸಾಲಿನಾಗ," ಎಂದ ಗುರುಶಾಂತ. "ಆಯಿ ಬಾಜೂಕ."