ನಿಂಗರಾಜನ ಕೈಯಲ್ಲಿ ಏನಿತ್ತು

ಅಲ್ಲಾಬಕ್ಷ ಒಂದೇ ದಿನದಲ್ಲಿ ನಾಲ್ಕನೆಯ ಸಲ ನನ್ನ ಝೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತಿದಾಗ ನನಗೆ ತಲೆ ಕೆಟ್ಟಿತು. ರಾಣೆಬೆನ್ನೂರು ಕೋರ್ಟಿನ ಎದುರಿಗೇ ಅಂಗಡಿ ಇಟ್ಟ ತಪ್ಪಿಗೆ ಊರಿನ ತಾಪತ್ರಯಗಳನ್ನೆಲ್ಲ ಪ್ರತಿ ತೆಗೆಯುವುದು ನನ್ನ ಹಣೆಬರಹ. ಬೆಳಿಗ್ಗೆ ಬಂದೂಕಿನ ಲೈಸೆನ್ಸು, ಆಮೇಲೆ ಜಾಮೀನಿನ ಆದೇಶ, ಆಮೇಲೆ ಡಿ.ಸಿ. ಕಚೇರಿಯ ನೋಟೀಸು. ಈಗ ಪೊಲೀಸರ ಪಂಚನಾಮೆ ಹಿಡಿದು ನಿಂತಿದ್ದ.

"ಎಲ್ಲಾ ಒಮ್ಮೆಗೇ ತಂದ್ರ ಏನಾಗತೈತ್ರಿ ನಿಮಗ?" ಎಂದೆ.

"ತಪ್ಪಾತ್ರಿ ಅಕ್ಕಾರ. ಝೆರಾಕ್ಸ್ ಆಮ್ಯಾಲ ಮಾಡ್ರಿ. ಸಕೀನಾಬಿಯವರು ಮ್ಯಾಲ ಅದಾರೇನು?"

ನನ್ನ ಕೈ ತಾನಾಗಿಯೇ ಸ್ಕೂಟರಿನ ಕೀಲಿಯ ಕಡೆ ಹೋಯಿತು. ಸಕೀನಾಬಿ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುವವರು. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಹಾವೇರಿಯ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿ ನಿವೃತ್ತರಾದರು. ಸಾಕ್ಷಿ ಏನು ಹೇಳಿದ ಅನ್ನುವುದಕ್ಕಿಂತ ಅವನಿಗೆ ಏನನ್ನು ಕೇಳದೆ ಬಿಟ್ಟರು ಅನ್ನುವುದು ಅವರಿಗೆ ಬೇಗ ಕಾಣುತ್ತದೆ. ಹಾಗಾಗಿ ಯಾರಿಂದಲೂ ಬಿಡಿಸಲಾಗದ ಗಂಟುಗಳು ನನ್ನ ಅಂಗಡಿ ದಾಟಿ ಮೇಲಕ್ಕೆ ಹೋಗುತ್ತವೆ. ಅವರನ್ನು ಊರೂರು ಸುತ್ತಿಸುವ ಕೆಲಸ ಮಾತ್ರ ನನ್ನ ಪಾಲಿಗೆ.

ಅಲ್ಲಾಬಕ್ಷನ ಕತೆ ವಾಟ್ಸಾಪ್ ಇದ್ದವರಿಗೆಲ್ಲ ಗೊತ್ತಿತ್ತು. ಗುತ್ತಲದವನು. ಸೈನ್ಯದಿಂದ ಬಂದ ಮೇಲೆ ಸ್ವಂತ ಲೈಸೆನ್ಸಿನ ಜೋಡುನಳಿಗೆ ಬಂದೂಕು ಹಿಡಿದು, ಬ್ಯಾಡಗಿಯಲ್ಲಿ ಮಲ್ಲೇಶಪ್ಪ ಎಂಬುವರ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಗೇಟು ಕಾಯುತ್ತಿದ್ದ. ಹದಿನೈದು ದಿನದ ಹಿಂದೆ, ಹಾಡಹಗಲಲ್ಲಿ, ಮೈಮೇಲೆ ಏರಿ ಬಂದ ನಿಂಗರಾಜನೆಂಬ ಲಾರಿ ಡ್ರೈವರನ ಕಾಲಿಗೆ ಗುಂಡು ಹೊಡೆದ. ಮೊದಲ ದಿನ ಹಾರ, ಶಾಲು, 'ಬ್ಯಾಡಗಿಯ ಹುಲಿ' ಎಂಬ ಫ್ಲೆಕ್ಸು. ಎರಡನೆಯ ದಿನ, ಡ್ರೈವರನ ಹತ್ತಿರ ಆಯುಧವೇ ಇರಲಿಲ್ಲವೆಂದು ಗೊತ್ತಾದದ್ದೇ ತಡ, ಫ್ಲೆಕ್ಸು ಇಳಿಯಿತು, ಕೊಲೆ ಯತ್ನದ ಕೇಸು ಬಿತ್ತು. "ಇಂಥವರ ಕೈಗೆ ಬಂದೂಕು ಯಾಕ ಕೊಡ್ತಾರೋ" ಎಂಬ ಸಂದೇಶ ನನಗೂ ಬಂತು. ಹಿಂದಿನ ದಿನ 'ಹುಲಿ' ಫೋಟೋ ಕಳಿಸಿದ್ದ ನಂಬರಿನಿಂದಲೇ. ಇಂಥ ಜನರ ಬಾಯಿಗೆ ಏನು ಹೇಳುವುದು?

ಮೇಲೆ ಖಾಲಾ ಡಿ.ಸಿ. ನೋಟೀಸನ್ನೂ ಪಂಚನಾಮೆಯನ್ನೂ ತೆಗೆದುಕೊಂಡು ಕನ್ನಡಕ ಏರಿಸಿದರು. "ಸೋಮವಾರ ಹಾವೇರ್ಯಾಗ ಲೈಸೆನ್ಸಿನ ವಿಚಾರಣಿ ಐತೆಲ್ಲ, ಅದಕ್ಕ ಬಂದೀರೇನು?"

"ಲೈಸೆನ್ಸ್ ಹೋದ್ರ ಕೆಲಸಾನೂ ಹೋತು, ಅದು ಖರೇ ಆಪಾ. ಆದ್ರ ನಾ ಅದಕ್ಕ ಬಂದಿಲ್ಲ." ಅವನು ಕುರ್ಚಿಯ ತುದಿಯಲ್ಲಿ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ. "ಅವನ ಕೈಯಾಗ ಏನರೆ ಇತ್ತೋ ಇಲ್ಲೋ, ಅಷ್ಟ ಹೇಳ್ರಿ. ಇತ್ತು ಅಂತ ಪೊಲೀಸರಿಗೆ ಹೇಳೇನಿ, ಕೋರ್ಟಿಗೆ ಹೇಳೇನಿ. ಎಲ್ಲಾರೂ ಇರಲಿಲ್ಲ ಅಂತಾರ. ಈಗ ನನಗ ಖಾತ್ರಿ ಇಲ್ಲ. ಬರಿಗೈಲೆ ಬಂದ ಹುಡುಗಗ ಹೊಡದೇನೇನು ನಾನು?"

ತನ್ನ ಕಣ್ಣನ್ನೇ ನಂಬದ ಮನುಷ್ಯನಿಗೆ ವಕೀಲರಾದರೂ ಏನು ಮಾಡಿಯಾರು ಎಂದು ನನಗೆ ಸಿಟ್ಟು ಬಂತು. ಖಾಲಾ ಸಮಾಧಾನದಿಂದ, "ನಡದದ್ದು ನಡದಂಗ ಹೇಳ್ರಿ," ಎಂದರು.

ಅವನು ಹೇಳಿದ. ಅವತ್ತು ಮಧ್ಯಾಹ್ನ ಊಟದ ಹೊತ್ತು. ಹಮಾಲರು ಒಂದು ಲಾರಿಗೆ ಚೀಲ ಹೇರಿ, ಶೆಡ್ಡಿನ ಹಿಂದೆ ಬುತ್ತಿ ಬಿಚ್ಚಿದ್ದರು. ನಿಂಗರಾಜ ಗೇಟಿಗೆ ಬಂದು ಪಾಸು ಕೊಟ್ಟ. ಮ್ಯಾನೇಜರ್ ಕಿರಣಕುಮಾರನ ಸಹಿ ಇತ್ತು. ಆದರೂ ಮಾಲು ಹೊರಗೆ ಬಿಡುವ ಮೊದಲು ಬೆಳೆದವರಿಗೆ ಒಂದು ಫೋನು ಮಾಡುವುದು ಅಲ್ಲಾಬಕ್ಷನ ರೂಢಿ. ಪಾಸನ್ನು ಸ್ಟೂಲಿನ ಮೇಲಿಟ್ಟು, ಆ ಚೀಲಗಳ ಒಡತಿ ಹಲಗೇರಿಯ ದೇವವ್ವನ ನಂಬರು ಒತ್ತುತ್ತಿದ್ದಾಗ ನಿಂಗರಾಜ ಕೈ ಎತ್ತಿ ಮೈಮೇಲೆ ಬಂದ.

"ಕೈಯಾಗ ಏನೋ ಬಿಸಲಿಗೆ ಮಿಂಚಿತು. ಕಾಲಿಗೆ ಗುರಿ ಇಟ್ಟು ಹೊಡದೆ. ಅವ ಬಿದ್ದ. ನೀರು ತರಾಕ ನಳದ ಕಡೆ ಓಡಿದೆ."

"ಹೊಡದಾವ್ರೂ ನೀವ, ನೀರು ತರಾವ್ರೂ ನೀವ," ಎಂದೆ.

"ಮತ್ತ ಯಾರು ತರ್ತಾರ ಅಕ್ಕಾರ? ತಿರುಗಿ ಬಂದಾಗ ಅವನ ಕೈಯಾಗ ಏನೂ ಇರಲಿಲ್ಲ. ಸ್ಟೂಲಿನ ಮ್ಯಾಲ ಪಾಸೂ ಇರಲಿಲ್ಲ. ಮ್ಯಾನೇಜರ್ ಬಾಜೂಕ ನಿಂತು ಕಣ್ಣು ಒರಸ್ಕೊಳ್ಳಾಕತ್ತಿದ್ರು. ಆಮ್ಯಾಲ ಹಮಾಲರು ಬಂದ್ರು. ಹತ್ತು ನಿಮಿಷಕ್ಕ ಪೊಲೀಸ್ ಜೀಪು, ಅದರ ಹಿಂದ ಮಾಲಕರ ಕಾರು."

ಪಾಸು ಬರೆದೇ ಇರಲಿಲ್ಲ, ಪಾಸಿಲ್ಲದೆ ಬಿಡು ಎಂದು ಡ್ರೈವರ್ ಬರಿಗೈಯಲ್ಲಿ ಜಗಳ ತೆಗೆದ ಎಂದು ಕಿರಣಕುಮಾರ ಹೇಳಿಕೆ ಕೊಟ್ಟಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದ ನಿಂಗರಾಜನೂ ಅದನ್ನೇ ಹೇಳಿದ್ದ.

ಖಾಲಾ ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. "ಗೇಟಿನ ಬಳಿ ಸ್ಟೂಲು ಒಂದು, ನೀರಿನ ಬಾಟಲಿ ಒಂದು. ಪಕ್ಕದ ಕಚೇರಿಯಲ್ಲಿ ಮೇಜು ಒಂದು, ಕುರ್ಚಿ ಎರಡು, ಕಂಪ್ಯೂಟರ್ ಒಂದು, ಎ.ಸಿ. ಒಂದು, ಗೋಡೆಯ ಮೊಳೆಗಳಿಗೆ ಛತ್ರಿ ಒಂದು, ಚೀಲ ಎತ್ತುವ ಕೊಕ್ಕೆ ಒಂದು, ಕ್ಯಾಲೆಂಡರ್ ಒಂದು. ಶೆಡ್ಡು, ಲಾರಿ, ಚರಂಡಿ ಹಾಗೂ ಹಾಜರಿದ್ದವರ ಮೈಮೇಲೆ ಹುಡುಕಲಾಗಿ ಯಾವುದೇ ಆಯುಧ ಕಂಡುಬಂದಿರುವುದಿಲ್ಲ."

ಓದಿ ಮುಗಿಸಿ ಅವರು ನನ್ನ ಕಡೆ ನೋಡಿದರು. ನಾಳೆ ಅಂಗಡಿ ಮುಚ್ಚಬೇಕೆಂದು ನನಗೆ ಆಗಲೇ ತಿಳಿಯಿತು.

ಶುಕ್ರವಾರ ಬ್ಯಾಡಗಿಯಲ್ಲಿ ಸ್ಕೂಟರ್ ಇಳಿದ ಕೂಡಲೇ ಮೂರು ಸಲ ಸೀನಿದೆ. ಗಾಳಿಯಲ್ಲೇ ಕೆಂಪು ಪುಡಿ ಇದ್ದ ಹಾಗಿತ್ತು. ಮಲ್ಲೇಶಪ್ಪನವರು ಕಚೇರಿಗೆ ಕರೆದು ಚಹಾ ತರಿಸಿದರು. ನಾನು ನನ್ನ ವ್ಯಾನಿಟಿ ಬ್ಯಾಗನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಕೂತೆ.

"ನನಗೂ ಮನಸ್ಸಿಗೆ ಭಾಳ ಹತ್ತೇತ್ರಿ," ಎಂದರು ಅವರು. "ಆದ್ರ ಬರಿಗೈಯಾವಗ ಹೊಡದಾನ ಅಂತ ಹೆಸರಾದ್ರ ಯಾವ ಡ್ರೈವರ್ ಇಲ್ಲಿಗೆ ಲಾರಿ ತರ್ತಾನ? ನಮ್ಮ ಕಿರಣ ನೋಡ್ರಿ, ಏನ್ ಮೆತ್ತನ್ನ ಮನಸು. ಅವತ್ತು ಅತ್ತು ಅತ್ತು ಒಂದು ಕಣ್ಣು ಬಾತು ತೆಗಿಯಾಕ ಬರವಲ್ದಾಗಿತ್ತು."

ಕಿರಣಕುಮಾರ ತಲೆ ತಗ್ಗಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಎ.ಸಿ. ಕೋಣೆ ಬಿಟ್ಟು ಶೆಡ್ಡಿಗೆ ಹೋಗುವವನಂತೆ ಕಾಣಲಿಲ್ಲ.

ಖಾಲಾ ಹೊರಗೆ ಹೋಗಿ ಹಮಾಲರ ಮುಖಂಡ ಮೈಲಾರೆಪ್ಪನನ್ನು ಮಾತಿಗೆಳೆದರು. ಅವನ ಸೊಂಟದಲ್ಲಿ ಹೊಸ ಕೊಕ್ಕೆ ಹೊಳೆಯುತ್ತಿತ್ತು.

"ಹೊಸಾದ ಮಾಡಿಸೀರೇನು?"

"ಹೂಂನ್ರಿ. ಹಳೇದು ಆ ಗದ್ದಲದಾಗ ಕಳೀತು. ಉಣ್ಣಾಕ ಹೋಗುವಾಗ ಲಾರಿ ಚೀಲಕ್ಕ ಸಿಗಿಸಿ ಹೋಗಿದ್ದೆ, ಬಂದು ನೋಡಿದ್ರ ಇಲ್ಲ. ನನ್ನ ಹೆಂಡತಿ ಹಸರ ಸೀರಿ ಅಂಚು ಸುತ್ತಿ ಕೊಟ್ಟಿದ್ಲು."

"ಪೊಲೀಸರಿಗೆ ಹೇಳಲಿಲ್ಲೇನು?"

"ಅವರು ಮಚ್ಚು, ಚಾಕು ನೋಡೀರೇನು ಅಂತ ಕೇಳಿದ್ರು. ನೋಡಿಲ್ಲ ಅಂದೆ. ಕೊಕ್ಕಿ ಕಳದ್ರ ಯಾರರೆ ಪೊಲೀಸರಿಗೆ ಹೇಳ್ತಾರೇನ್ರಿ?"

"ಕಚೇರ್ಯಾಗ ಹುಡುಕಿದ್ರೇನು?"

ಮೈಲಾರೆಪ್ಪ ನಕ್ಕ. "ನಾವು ಹಮಾಲರು ಹೊಸ್ತಿಲ ಹೊರಗ ನಿಂತು ಮಾತಾಡಾವ್ರು. ಒಳಗ ಯಾಕ ಹೋಗೂನ್ರಿ?"

ದಾರಿಯುದ್ದಕ್ಕೂ ಕೇಳಿದೆ, ಖಾಲಾ ತುಟಿ ಬಿಚ್ಚಲಿಲ್ಲ. ಪೆಟ್ರೋಲು ನನ್ನದು, ಬೆನ್ನು ನೋವು ನನ್ನದು, ಗುಟ್ಟು ಮಾತ್ರ ಅವರದು.

ಶನಿವಾರ ಅದೇ ಕಚೇರಿಯಲ್ಲಿ ಎಲ್ಲರೂ ಸೇರಿದರು. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಐದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದೇ ಬಂದಿದ್ದರು. ಮೈಲಾರೆಪ್ಪನನ್ನು ಒಳಗೆ ಕರೆದರೆ ಬರಲೊಲ್ಲ. ಖಾಲಾ ಕೈ ಹಿಡಿದು ಕರೆತಂದರು. ಅವನು ಒಳಗೆ ಕಾಲಿಟ್ಟು, ಗೋಡೆ ನೋಡಿ, "ಇದು ನಂದ," ಎಂದ.

ಛತ್ರಿಯ ಪಕ್ಕದಲ್ಲಿ, ಹಿಂದಿನ ದಿನ ನಾನು ಬ್ಯಾಗು ಸಿಕ್ಕಿಸಿದ್ದ ಮೊಳೆಯ ಒತ್ತಿನಲ್ಲೇ, ಹಸಿರು ಅಂಚು ಸುತ್ತಿದ ಕೊಕ್ಕೆ ತೂಗುತ್ತಿತ್ತು. ನನ್ನ ಕಣ್ಣಿಗಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು.

"ಸಾಹೇಬ್ರ, ನಿಮ್ಮ ಪಂಚನಾಮೇದಾಗ ಇದನ್ನ ನೀವ ಬರದೀರಿ," ಎಂದರು ಖಾಲಾ. "ಮೆಣಸಿನಕಾಯಿ ಗೋದಾಮಿನ್ಯಾಗ ಕೊಕ್ಕಿ ಇರೂದ, ಹಂಗಂತ ಬಿಟ್ಟೀರಿ. ಆದ್ರ ಕೊಕ್ಕಿ ಹಮಾಲನ ಸ್ವಂತದ್ದು. ಸೊಂಟದಾಗ ಇರ್ತೈತಿ, ಮನಿಗೆ ಹೋಗ್ತೈತಿ. ಹಮಾಲರು ಕಾಲಿಡದ ಎ.ಸಿ. ಕೋಣ್ಯಾಗ ಅದಕ್ಕೇನು ಕೆಲಸ? ಚೀಲಕ್ಕ ಸಿಗಿಸಿದ್ದನ್ನ ನಿಂಗರಾಜ ಕಿತ್ಕೊಂಡು ಅಲ್ಲಾಬಕ್ಷರ ಮ್ಯಾಲ ಎತ್ತಿದ. ಅವರು ನೀರಿಗೆ ಓಡಿದಾಗ ಒಬ್ರು ಅದನ್ನ ತಂದು ಇಲ್ಲಿ ತೂಗು ಹಾಕಿದ್ರು."

"ಯಾರು?" ಎಂದರು ಸಾಹೇಬರು. ಐದು ನಿಮಿಷ ಮುಗಿದದ್ದು ಅವರಿಗೆ ನೆನಪಿರಲಿಲ್ಲ.

"ಮೈಲಾರೆಪ್ಪ ಒಳಗ ಬರಾವ್ನಲ್ಲ, ಬಂದಿದ್ರ ತನ್ನ ಕೊಕ್ಕಿ ಒಯ್ದು ಹೊಸಾದಕ್ಕ ಖರ್ಚು ಮಾಡ್ತಿರಲಿಲ್ಲ. ಮಲ್ಲೇಶಪ್ಪನವರ ಕಾರು ನಿಮ್ಮ ಜೀಪಿನ ಹಿಂದ ಬಂತು. ಉಳದವರು ಕಿರಣಕುಮಾರ." ಖಾಲಾ ಅವನ ಕಡೆ ತಿರುಗಿದರು. "ಒಂದ ಕಣ್ಣಿಲೆ ಹೆಂಗ ಅತ್ತಿಪಾ ನೀ? ಕನಿಕರಕ್ಕ ಅತ್ರ ಎರಡೂ ಕಣ್ಣು ಕೆಂಪಾಗ್ತಾವ. ಈ ಸುತ್ತಿದ ಬಟ್ಟಿ ವರ್ಷಗಟ್ಲೆ ಖಾರ ಕುಡದೈತಿ. ಇದನ್ನ ಹಿಡದ ಕೈಲೆ ಬೆವರು ಒರಸ್ಕೊಂಡಿ. ಹಮಾಲರು ಕನಸಿನ್ಯಾಗೂ ಹಂಗ ಮಾಡೂದಿಲ್ಲ. ಕಾಗದ ಅಷ್ಟ ಮುಟ್ಟಾವ್ರು ಮಾಡ್ತಾರ."

"ಅದು... ಅವತ್ತ ಧೂಳು ಬಿದ್ದಿತ್ತು," ಎಂದ ಕಿರಣಕುಮಾರ. "ನಾ ಯಾಕ ಮುಚ್ಚಿಡಲಿ?"

"ಕೊಕ್ಕಿ ಸಿಕ್ರ, ಬೆಳದವರಿಗೆ ಒಂದು ಫೋನ್ ಮಾಡಿದ್ರ ಡ್ರೈವರ್ ಜೀವ ತೆಗಿಯಾಕ ಯಾಕ ಹೋದ ಅಂತ ಕೇಳ್ತಾರ. ಅದಕ್ಕ ಪಾಸೂ ಮಾಯ ಮಾಡಿದಿ. ಹದಿನೈದು ದಿನ ಎಲ್ಲಾರೂ ಬಂದೂಕು ನೋಡಿದ್ರು, ಲಾರ್ಯಾಗ ಯಾರ ಮಾಲು ಇತ್ತು ಅಂತ ಒಬ್ರೂ ಕೇಳಲಿಲ್ಲ. ಅರುಣಾ, ದೇವವ್ವಗ ಫೋನ್ ಹಚ್ಚು."

ನಾನು ಅಲ್ಲಾಬಕ್ಷನಿಂದ ನಂಬರು ಕೇಳಿ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ನಿಮ್ಮ ಕಾಯಿ ಹೊರಗೆ ತೆಗೆಸಲು ಹೇಳಿದ್ದಿರಾ ಎಂದು ಖಾಲಾ ಕೇಳಿದರು.

"ನಾ ಯಾಕ ತೆಗಸಲಿ? ರೇಟ್ ಏರೂತನಾ ಇರಲಿ ಅಂತ ಇಟ್ಟೇನಿ. ಯಾಕ್ರಿ, ನನ್ನ ಚೀಲಕ್ಕ ಏನಾಗೇತಿ?"

ಕಿರಣಕುಮಾರ ಕುರ್ಚಿ ಹುಡುಕಿಕೊಂಡು ಕೂತ. ಮಲ್ಲೇಶಪ್ಪನವರು ಅವನನ್ನು ನೋಡಿದ ನೋಟ ನನಗೆ ಸಮಾಧಾನ ತರಲಿಲ್ಲ. ಇವರೇ ಅಲ್ಲವೇ ಇವನ ಕಣ್ಣೀರಿಗೆ ಕರಗಿದ್ದು?

"ಆಮ್ಯಾಲರೆ ಇದನ್ನ ಯಾಕ ಒಗೀಲಿಲ್ಲ?" ಎಂದು ಸಾಹೇಬರು ಗದರಿದರು.

"ನೀವು ಬರದಿದ್ರೆಲ್ಲ ಸರ್," ಎಂದ ಕಿರಣಕುಮಾರ ಮೆಲ್ಲಗೆ. "ತೆಗದ್ರ ಎಲ್ಲಿ ಹೋತು ಅಂತ ಕೇಳ್ತೀರಿ ಅಂತ ಅಂಜಿಕಿ. ಪಾಸು ಅವತ್ತ ಸುಟ್ಟೆ. ನಿಂಗರಾಜಗೂ ನಾನ ಹಂಗ ಹೇಳು ಅಂದಿದ್ದೆ."

ಅಲ್ಲಾಬಕ್ಷ ಇದಾವುದನ್ನೂ ಕೇಳುತ್ತಿರಲಿಲ್ಲ. ಗೋಡೆಯ ಹತ್ತಿರ ಹೋಗಿ ಕೊಕ್ಕೆಯ ತುದಿಯನ್ನು ಮುಟ್ಟದೆ ನೋಡಿದ. "ಇತ್ತು," ಎಂದ. ಮತ್ತೆ, "ಇತ್ತು ಆಪಾ, ಅವನ ಕೈಯಾಗ ಇತ್ತು," ಎಂದು ಹೊಸ್ತಿಲ ಮೇಲೆ ಕೂತುಬಿಟ್ಟ. ಮಲ್ಲೇಶಪ್ಪನವರು ನಾಳೆಯಿಂದಲೇ ಕೆಲಸಕ್ಕೆ ಬಾ ಎಂದರು. ಅವನು ಎದ್ದು ಗುತ್ತಲದ ಬಸ್ಸು ಹಿಡಿದ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾವೇರಿಯಲ್ಲಿ ವಿಚಾರಣೆ. ಸಾಹೇಬರ ಹೊಸ ವರದಿ, ನಿಂಗರಾಜ ಬದಲಿಸಿ ಕೊಟ್ಟ ಹೇಳಿಕೆ, ಎಲ್ಲ ಜೋಡಿಸಿದ ಫೈಲು ಹಿಡಿದು ನಾವಿಬ್ಬರೂ ಹತ್ತೂವರೆಗೇ ಹೋದೆವು. ಅಲ್ಲಾಬಕ್ಷ ಇಲ್ಲ. ಹನ್ನೊಂದಾಯಿತು, ಹೆಸರು ಕೂಗಿದರು, ಆಗಲೂ ಇಲ್ಲ. ಎರಡು ದಿನ ಅಂಗಡಿ ಮುಚ್ಚಿ ಅಲೆದದ್ದು ಇದಕ್ಕೇನು ಎಂದು ಉರಿದುಕೊಂಡು ಫೋನ್ ಮಾಡಿದೆ. ಎತ್ತಿದವರು ಅವನ ಹೆಂಡತಿ ಸಲ್ಮಾ.

"ಮಲಗ್ಯಾರ," ಎಂದಳು.

"ಮಲಗ್ಯಾರ? ಇಲ್ಲಿ ಲೈಸೆನ್ಸ್ ಹೋಗಾಕತ್ತೈತಿ, ಲಗೂ ಎಬ್ಬಸ್ರಿ."

"ಎಬ್ಬಸಂಗಿಲ್ರಿ ಅಕ್ಕಾರ." ಅವಳ ದನಿ ಸಣ್ಣದಿತ್ತು, ಗಟ್ಟಿಯಾಗಿತ್ತು. "ಆ ಹುಡುಗಗ ಹೊಡದ ದಿನದಿಂದ ಕಣ್ಣು ಮುಚ್ಚಿದ್ದಿಲ್ಲ. ಜೇಲಿಂದ ಬಂದ ಮ್ಯಾಲೂ ರಾತ್ರಿಪೂರಾ ಗ್ವಾಡಿಗೆ ಆತು ಕುಂದ್ರತಿದ್ರು. ಶನಿವಾರ ಬಂದಾವ್ರು ಹಂಗ ಮಲಗ್ಯಾರ. ನಡುವ ನೀರಿಗೆ ಎದ್ದಾರ ಅಷ್ಟ. ಲೈಸೆನ್ಸ್ ಹೋಗೂದಿದ್ರ ಹೋಗ್ಲಿ."

ನಾನು ಫೋನ್ ಕೆಳಗಿಳಿಸಿದೆ. ಖಾಲಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು. "ಬ್ಯಾರೆ ತಾರೀಖು ಕೇಳಿ ಅರ್ಜಿ ಬರಿ," ಎಂದರು.

"ಕಾರಣ ಏನಂತ ಬರೀಲಿ? ಆರಾಮಿಲ್ಲ ಅಂತೇನು?"

"ಈಗ ಆರಾಮ ಅದಾರಲ್ಲ. ಖರೇ ಏನೈತಿ ಅದನ್ನ ಬರಿ."

ಬರೆದೆ. ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. ಲೈಸೆನ್ಸುದಾರರು ನಿದ್ರೆಯಲ್ಲಿರುವುದರಿಂದ ಎಂಬ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಜಗಳಕ್ಕೆ ನಾನು ತಯಾರಾಗಿಯೇ ನಿಂತಿದ್ದೆ. ಅವನು ಮುಂದಿನ ತಿಂಗಳ ತಾರೀಖು ಬರೆದುಕೊಟ್ಟ.